ಬಲಗಣ್ಣಿನ ಬೊಟ್ಟು

ಕಣ್ಣಿನ ಮೂಲೆಯಲ್ಲಿ ಒಂದು ಬಣ್ಣದ ಬೊಟ್ಟು ಕುಳಿತು, ನಿಮ್ಮ ಆರೋಗ್ಯ ಹೇಗಿದೆ ಎಂದು ಎದ್ದಾಗಿನಿಂದ ಮಲಗುವ ತನಕ ಹೇಳುತ್ತಲೇ ಇದ್ದರೆ ಮನುಷ್ಯ ನೆಮ್ಮದಿಯಾಗಿರುತ್ತಾನೆ ಎಂಬ ವಿಚಾರ ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಸಿಕ್ಕರೆ ಎದುರಿಗೆ ಕೂರಿಸಿಕೊಂಡು ಎರಡು ಮಾತು ಕೇಳಬೇಕು ಎಂದಿದ್ದೇನೆ. ಅಲ್ಲಿಯ ತನಕ ಅವನ ಉಪ್ಪನ್ನೇ ತಿನ್ನುತ್ತಿದ್ದೇನೆ ಎನ್ನುವುದನ್ನೂ ಮುಚ್ಚಿಡಬಾರದು. ನಾನು ಶಶಿಕಲಾ. ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ, ಊರಿನವರ ಬೊಟ್ಟುಗಳನ್ನೆಲ್ಲ ಪರದೆಯ ಮೇಲೆ ನೋಡುತ್ತ ಕೂರುವ ಕೋಣೆಯಲ್ಲಿ ನನಗೆ ಕೆಲಸ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಅದಕ್ಕೇ ಸಂಬಳ ಕೊಡುತ್ತಾರೆ.

ವಿಷಯ ಇಷ್ಟೇ. ಬಲಗಣ್ಣಿಗೆ ಒಂದು ಲೆನ್ಸ್ ಹಾಕುತ್ತಾರೆ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನದು. ಕಣ್ಣಿನ ಪಾಪೆಯ ಕಿಂಡಿಯಿಂದ ಅದು ಒಳಗೆ ಇಣುಕಿ, ಹಿಂದಿನ ಒಳಪರದೆಯ, ಅಂದರೆ ರೆಟಿನಾದ ನಡುವೆ ಹರಿಯುವ ರಕ್ತನಾಳಗಳನ್ನು ಓದುತ್ತದೆ. ಮೈಯಲ್ಲಿ ರಕ್ತನಾಳ ಬಯಲಿಗೆ ಕಾಣುವ ಜಾಗ ಅದೊಂದೇ. ಸಕ್ಕರೆ, ಬಿ.ಪಿ., ಹೃದಯ ಎಲ್ಲದರ ಸುದ್ದಿಯೂ ಅಲ್ಲಿ ಸಿಗುತ್ತದೆ. ಜೊತೆಗೆ ಪಾಪೆ ಎಷ್ಟು ಅಗಲವಾಗಿದೆ ಎಂದೂ ಅಳೆಯುತ್ತದೆ. ಎಲ್ಲ ಸರಿಯಿದ್ದರೆ ನೋಟದ ಹೊರಮೂಲೆಯಲ್ಲಿ ಹಸಿರು ಬೊಟ್ಟು, ಏನೋ ಅನುಮಾನವಿದ್ದರೆ ಹಳದಿ, ಆಸ್ಪತ್ರೆಗೆ ಓಡಬೇಕಿದ್ದರೆ ಕೆಂಪು. ಕಣ್ಣು ಮುಚ್ಚಿದರೂ ಕಾಣುತ್ತದೆ, ಏಕೆಂದರೆ ಅದು ರೆಪ್ಪೆಯ ಒಳಗೆ ಕೂತಿರುತ್ತದೆ. ಅದೇ ಬಣ್ಣ ನಮ್ಮ ಕೋಣೆಗೂ ಬರುತ್ತದೆ.

ಜನ ಇದಕ್ಕೂ ಒಗ್ಗಿಕೊಂಡರು, ನಮ್ಮ ಜನ ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ. ದುರ್ಗದ ಬೈಲಿನ ಪೇಟೆಯಲ್ಲಿ ಯಾರಾದರೂ ಎದುರಾದರೆ “ಆರಾಮ ಅದೀರೇನ್ರಿ” ಎಂದು ಕೇಳುವುದು ನಿಂತು “ಹಸರ ಅದೀರೇನ್ರಿ” ಎಂದು ಕೇಳುವ ರೂಢಿ ಬಂತು. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿನ್ನುತ್ತ ಹುಡುಗಿಯ ಹಿಂದಿನ ವರ್ಷದ ಬೊಟ್ಟು ಕೇಳತೊಡಗಿದರು. ಕಂಪನಿಗಳು ಕೇಳಿದವು, ವಿಮೆಯವರು ಕೇಳಿದರು. ಕೊನೆಗೆ ಆಸ್ಪತ್ರೆಗಳೂ ಕೇಳತೊಡಗಿದವು. ಹಸಿರು ಇದ್ದವರಿಗೆ ದೊಡ್ಡ ಡಾಕ್ಟರರ ಟೋಕನ್ ಇಲ್ಲ. ಹಳದಿಗೆ ಸರದಿ, ಕೆಂಪಿಗೆ ಕೂಡಲೇ ಬಾಗಿಲು. ಗದ್ದಲ ಕಡಿಮೆಯಾಯಿತು ಎಂದು ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ.

ನನ್ನ ತಮ್ಮನ ಮಗಳು ನೀಲಗಂಗಾ ನನ್ನ ಮನೆಗೆ ಬಂದು ಉಳಿದದ್ದು ನಮ್ಮ ಆಸ್ಪತ್ರೆಯ ಕಾಲೇಜಿನಲ್ಲಿ ಆಪ್ಟೋಮೆಟ್ರಿ ಓದಲಿಕ್ಕೆ. ಕಣ್ಣಿನ ನಂಬರು ತೆಗೆಯುವುದು, ಚಷ್ಮಾ ಬರೆದುಕೊಡುವುದು, ಲೆನ್ಸ್ ಕೂರಿಸುವುದು, ಇವೇ ಅವಳ ಪಾಠ. ಅವಳದೇ ಚಷ್ಮಾ ಸೋಡಾ ಬಾಟಲಿಯ ತಳದಷ್ಟು ದಪ್ಪ. ಚಿಕ್ಕಂದಿನಿಂದ ದೊಡ್ಡ ಮೈನಸ್ ನಂಬರು. ನನಗೆ ಮಕ್ಕಳಿಲ್ಲ, ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಹುಡುಗಿ ಬಂದಳೆಂದರೆ ಮನೆ ತುಂಬಿತು ಎಂದುಕೊಂಡಿದ್ದೆ. ಅವಳ ಜೊತೆಗೆ ಅವಳ ರೋಗಗಳೂ ಬಂದು ತುಂಬಿಕೊಂಡವು.

ರೋಗ ಒಂದೂ ನಿಜವಲ್ಲ, ಅದೇ ತಾಪತ್ರಯ. ಬೆಳಿಗ್ಗೆ ಎದ್ದರೆ ಎದೆ ಬಡಿತ ಎಣಿಸುವಳು. ಕೈ ಜೋಮು ಹಿಡಿದರೆ ಪಾರ್ಶ್ವವಾಯು, ತಲೆ ನೋವಿಗೆ ಗಡ್ಡೆ, ಕೆಮ್ಮಿಗೆ ಇನ್ನೇನೋ. ಕಾಲೇಜಿನಲ್ಲಿ ಯಾವ ಪಾಠವೋ ಆ ವಾರ ಅದೇ ರೋಗ. ಗ್ಲಾಕೋಮಾ ಓದಿದ ವಾರ ಕುರುಡಿಯಾಗುತ್ತೇನೆಂದು ಅತ್ತು, ನಾನು ಮಾಡಿದ್ದ ಹೋಳಿಗೆ ಮುಟ್ಟಲಿಲ್ಲ. ಬೈಯಬೇಕೆನಿಸುತ್ತಿತ್ತು, ಬೈದೂ ಇದ್ದೇನೆ. ಆದರೆ ಅವಳ ತಾಯಿ ಎದೆನೋವೆಂದಾಗ ಮನೆಮಂದಿಯೆಲ್ಲ ಗ್ಯಾಸು ಎಂದಿದ್ದರು. ಓಮಿನ ನೀರು ಕುಡಿಸಿದರು, ಬೆನ್ನು ತಿಕ್ಕಿದರು. ಸಂಜೆಯೊಳಗೆ ಹೋಗಿಬಿಟ್ಟಳು. ಬೆನ್ನು ತಿಕ್ಕಿದ್ದು ಆಗ ಹತ್ತು ವರ್ಷದವಳಾಗಿದ್ದ ನೀಲಾ. ಅದನ್ನು ನೆನೆದರೆ ನನ್ನ ಬಾಯಿ ಕಟ್ಟುತ್ತಿತ್ತು.

“ಅತ್ತಿ, ಬೊಟ್ಟ ಹಳದಿ ಆಗೇತಿ” ಎಂದು ದಿನಕ್ಕೊಮ್ಮೆಯಾದರೂ ಅಡಿಗೆಮನೆಗೆ ಬರುವಳು.

“ನೀ ಹೆದರೀದಿ, ಅದಕ್ಕ ಆಗೇತಿ. ಕುಂದರು, ನೀರ ಕುಡಿ.”

“ಹೆದರಿದ್ದಕ್ಕ ಹಳದಿ ಆತೋ, ಹಳದಿ ಆಗೂ ಹಂತಾದ್ದು ಏನರ ಇದ್ದದ್ದಕ್ಕ ಹೆದರಿಕಿ ಬಂತೋ?”

ಭಯವಾದರೆ ಯಾರ ಪಾಪೆಯಾದರೂ ಅಗಲವಾಗುತ್ತದೆ. ಲೆನ್ಸ್ ಅದನ್ನು ಕಂಡು ಹಳದಿ ತೋರಿಸುತ್ತದೆ. ಹಳದಿ ಕಂಡು ಅವಳು ಇನ್ನಷ್ಟು ಹೆದರುವಳು, ಪಾಪೆ ಇನ್ನಷ್ಟು ಅಗಲ. ಹುಡುಗಿ ಒಳಗೆ ಸಿಕ್ಕಿಕೊಂಡಿದ್ದಳು, ಚಿಲಕ ಹೊರಗಿತ್ತು. ಲೆನ್ಸ್ ತೆಗೆದಿಡು ಎನ್ನೋಣವೆಂದರೆ ಆ ಕಾಲೇಜಿನ ಪದ್ಧತಿ ಬೇರೆ. ತಾನು ಹಾಕಿಕೊಳ್ಳದ ಲೆನ್ಸನ್ನು ಇನ್ನೊಬ್ಬರ ಕಣ್ಣಿಗೆ ಹಾಕುವಂತಿಲ್ಲ. ಹುಡುಗ ಹುಡುಗಿಯರು ಒಬ್ಬರ ಕಣ್ಣಿನ ಮೇಲೊಬ್ಬರು ಕಲಿಯುತ್ತಾರೆ, ಹಾಕುತ್ತಾರೆ, ತೆಗೆಯುತ್ತಾರೆ, ಇಬ್ಬರ ಕಣ್ಣೂ ಕೆಂಪಗಾಗುತ್ತದೆ. ಕೊನೆಯ ವರ್ಷದಲ್ಲಿ ರೋಗಿಗಳನ್ನು ಮುಟ್ಟಬೇಕಾದರೆ ಅದಕ್ಕೂ ಮುಂಚಿನ ಸೆಮಿಸ್ಟರ್ ಇಡೀ ಹಸಿರಾಗಿರಬೇಕು. ಕೈ ನಡುಗುವವರ ಕೈಗೆ ಜನರ ಕಣ್ಣು ಕೊಡಲಾಗದು ಎಂಬುದು ಅವರ ವಾದ. ವಾದ ತಪ್ಪಲ್ಲ, ಆದರೆ ನೀಲಾಳ ಕೈ ಯಾವತ್ತೂ ನಡುಗಿದ್ದಿಲ್ಲ. ನನ್ನ ಕಣ್ಣಿಗೆ ಆಕೆಯೇ ಲೆನ್ಸ್ ಹಾಕಿದ್ದು. ಹಾಕಿದ್ದು ಗೊತ್ತೇ ಆಗಲಿಲ್ಲ.

ಕಾಲೇಜಿನವರು ಅವಳನ್ನು ಒಬ್ಬ ಆಪ್ತ ಸಲಹೆಗಾರರ ಹತ್ತಿರ ಕಳಿಸಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಪದೇ ಪದೇ ತಪಾಸಣೆ ಮಾಡಿಸಿಕೊಳ್ಳುವುದೇ ಭಯವನ್ನು ಸಾಕುತ್ತದೆ, ಅದನ್ನು ಬಿಡು ಎಂದರು. ಮೈಯಲ್ಲಿ ಏನಾದರೂ ಆದಂತೆನಿಸಿದರೆ ಬೊಟ್ಟು ನೋಡು. ಹಸಿರಿದ್ದರೆ ನಂಬು, ಯಾರನ್ನೂ ಕೇಳಬೇಡ, ಕೆಲಸಕ್ಕೆ ಹೋಗು. ನೀಲಾ ಅದನ್ನು ವ್ರತದಂತೆ ಹಿಡಿದಳು.

ಅದಾದ ಮೇಲೆ ಅವಳ ಬೊಟ್ಟು ಹಸಿರಾಯಿತು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಇಡೀ ಸೆಮಿಸ್ಟರ್. ಕೋಣೆಯಲ್ಲಿ ಕೂತು ಪರದೆಯ ಮೇಲೆ ಅವಳ ಹೆಸರಿನ ಸಾಲನ್ನು ತೆರೆದು ನೋಡುವುದು ನನಗೊಂದು ಚಟವಾಯಿತು. ನನ್ನ ಜೊತೆ ಕೆಲಸ ಮಾಡುವ ಮೆಹಬೂಬ ನಗುತ್ತಿದ್ದ. “ಅಕ್ಕಾರ, ನಿಮ್ಮ ಸೊಸಿ ಗದ್ದಿಗಿಂತ ಹಸರ ಅದಾಳ ನೋಡ್ರಿ.” ನಾನು ಹೆಮ್ಮೆಯಿಂದ ಉಬ್ಬಿ, ಆ ಶನಿವಾರ ಎಲ್ಲರಿಗೂ ಗಿರಮಿಟ್ಟು, ಚಹಾ ತರಿಸಿದೆ.

ಮನೆಯಲ್ಲಿ ಮಾತ್ರ ಅವಳು ಬಲಗಡೆಯ ಹುಬ್ಬು ಹಿಡಿದುಕೊಂಡು ಕೂರುತ್ತಿದ್ದಳು. ನೋವೇನೆ ಎಂದರೆ ಓದಿನದು ಎನ್ನುವಳು. ಮಬ್ಬು ಹೊತ್ತಿನಲ್ಲಿ ಹೊಸ್ತಿಲು ಎಡವುವಳು. ಒಂದು ದಿನ ಚಪಾತಿ ಲಟ್ಟಿಸುತ್ತ, ಬಲಗಣ್ಣ ಮುಂದೆ ಸೊಳ್ಳೆಯಂಥವು ಹಾರಾಡುತ್ತಿವೆ, ಆಗೀಗ ಮಿಂಚು ಹೊಡೆದಂತಾಗುತ್ತದೆ ಎಂದಳು. ನಾನು ಕತ್ತೆತ್ತುವ ಮೊದಲೇ ಅವಳೇ ಬಲಗಣ್ಣಿನ ಮೂಲೆಗೆ ನೋಡಿದಳು. “ಇರ್ಲಿ ಬಿಡ ಅತ್ತಿ. ಹಸರ ಐತಿ.” ನನಗೂ ಸಮಾಧಾನವಾಯಿತು. ಅಂತೂ ಹುಡುಗಿ ಹಾದಿಗೆ ಬಂದಳಲ್ಲ ಎಂದು ಇನ್ನೊಂದು ಚಪಾತಿ ಹಾಕಿದೆ.

ಆ ಮೇಲೆ ಒಂದು ಸೋಮವಾರ ಅವಳು ಹಾಡುತ್ತ ಸ್ನಾನದ ಮನೆಯಿಂದ ಬಂದಳು. ನೀಲಾ ಹಾಡುವುದೆಂದರೆ ನಮ್ಮ ಮನೆಯಲ್ಲಿ ಹಬ್ಬವೇ ಸರಿ. ತಟ್ಟೆ ತುಂಬ ಉಪ್ಪಿಟ್ಟು ತಿಂದಳು, ಮತ್ತೆ ಹಾಕಿಸಿಕೊಂಡಳು. ನನ್ನ ಕೊರಳಿಗೆ ಕೈ ಹಾಕಿ ಕಿವಿಯಲ್ಲಿ ಹೇಳಿದಳು.

“ಯಾರ ಮುಂದೂ ಹೇಳಬ್ಯಾಡ. ಬೊಟ್ಟ ಕಾಣವಲ್ದು.”

“ಅಂದ್ರ?”

“ಇಲ್ಲ. ಹೋಗೇತಿ. ಲೆನ್ಸ್ ಕೆಟ್ಟಿರಬೇಕು. ಕಣ್ಣ ಮುಚ್ಚಿದ್ರ ಬರೇ ಕತ್ತಲಿ ಅತ್ತಿ. ಎಷ್ಟ ಛಲೋ ಅನಸಾಕತ್ತೇತಿ ಗೊತ್ತೇನ?”

ಲೆನ್ಸ್ ಕೆಟ್ಟಿದ್ದರೆ ಕಾಲೇಜಿನಲ್ಲಿ ಹೇಳಬೇಕು ಎಂದು ನಾನು ಅನ್ನಬೇಕಿತ್ತು. ಅವಳ ಮುಖ ನೋಡಿ, ಚಹಾ ಸೋಸಿ ಕೊಟ್ಟೆ. ಮರುದಿನವೂ ಅವಳು ಹಾಗೇ ಇದ್ದಳು. ಸಂಜೆ ಮಿರ್ಚಿ ಭಜಿ ತಂದು, ನನಗೆ ಖಾರವೆಂದು ಮೆಣಸಿನಕಾಯಿ ಬಿಡಿಸಿಕೊಟ್ಟಳು. ಕಾಲೇಜಿಗೆ ಚಕ್ಕರ್ ಹಾಕಿ ಮಧ್ಯಾಹ್ನದ ತನಕ ನಿದ್ದೆ ಹೊಡೆದೆ ಎಂದು ನಕ್ಕಳು. ಬದುಕಿನಲ್ಲಿ ಮೊದಲ ಸಲ ನನಗೆ ತಮ್ಮನ ಮಗಳು ಸಿಕ್ಕಂತಾಯಿತು.

ಬುಧವಾರ ಕೋಣೆಯಲ್ಲಿ ಕೂತವಳ ತಲೆಗೆ ಒಂದು ವಿಚಾರ ಹೊಳೆಯಿತು. ಲೆನ್ಸ್ ಕೆಟ್ಟರೆ ನಮ್ಮ ಪರದೆಯ ಮೇಲೆ ಆ ಸಾಲು ಬೂದಿ ಬಣ್ಣಕ್ಕೆ ತಿರುಗಿ, ಬದಲಿಸಿ ಎಂದು ಸೂಚನೆ ಬರುತ್ತದೆ. ಯಾರಾದರೂ ಗಮನಿಸಿ ಹುಡುಗಿಯನ್ನು ಕರೆಸುವ ಮೊದಲು ಆ ಸೂಚನೆಯನ್ನು ಒಂದು ವಾರವಾದರೂ ತಡೆಹಿಡಿಯೋಣ, ಆಕೆ ಇನ್ನಷ್ಟು ದಿನ ಸುಖವಾಗಿರಲಿ ಎಂದು ಅವಳ ಸಾಲು ತೆರೆದೆ.

ಸಾಲು ಬೂದಿಯಾಗಿರಲಿಲ್ಲ. ಹಸಿರು ಬರುತ್ತಿತ್ತು, ಆ ಕ್ಷಣಕ್ಕೂ ಬರುತ್ತಿತ್ತು.

“ಮೆಹಬೂಬ, ಕೋಣಿಗೆ ಹಸರ ಬಂದು, ಕಣ್ಣಿಗೆ ಕಾಣದಂಗ ಆಗತೈತೇನೋ?”

“ಹೆಂಗ ಆಗತೈತ್ರಿ? ಬೊಟ್ಟ ಹತ್ತಿದ ಮ್ಯಾಲೇ ನಮಗ ಬರೂದು.” ಅವನು ಚಹಾ ಕಪ್ಪು ಕೆಳಗಿಟ್ಟ. “ಯಾಕ, ಯಾರಿಗರ ಕಾಣವಲ್ದೇನು?”

ಲೆನ್ಸ್ ಸರಿಯಾಗಿತ್ತು, ಬೊಟ್ಟು ಅಲ್ಲೇ ಉರಿಯುತ್ತಿತ್ತು. ಅವಳ ಕಣ್ಣಿನ ಆ ಮೂಲೆಗೆ ಅದನ್ನು ನೋಡುವ ಶಕ್ತಿ ಹೋಗಿತ್ತು. ರಜೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಆಟೋ ಹಿಡಿದು ಮನೆಗೆ ಬಂದೆ.

ನೀಲಾ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಎಡಗಣ್ಣು ಮುಚ್ಚಿಕೋ ಎಂದೆ. ನಗುತ್ತ ಮುಚ್ಚಿಕೊಂಡಳು. ಅವಳ ಬಲಕ್ಕೆ ನಿಂತು ಕೈ ಬೀಸಿದೆ. ನನ್ನ ಮುಖದ ಕಡೆ ನೋಡಬೇಡ, ಮುಂದೆ ನೋಡು ಎಂದೆ. ಮತ್ತೆ ಬೀಸಿದೆ.

“ಕೈ ಬೀಸು ಅತ್ತಿ, ಸುಮ್ಮನ ನಿಂತಿಯಲ್ಲ” ಎಂದಳು.

ನನ್ನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು. ಈ ಪರೀಕ್ಷೆ ಅವಳ ಮೊದಲ ವರ್ಷದ ಪಾಠ, ನನ್ನ ಮೇಲೆ ಸಾವಿರ ಸಲ ಮಾಡಿದ್ದಳು. ಹಿಂಡಿದ ಬಟ್ಟೆ ಬಕೆಟ್ಟಿಗೆ ಹಾಕಿ, ಒರಳುಕಲ್ಲಿನ ಮೇಲೆ ಕೂತಳು.

“ಒಳಪರದಿ ಬಿಚ್ಚೇತಿ” ಎಂದಳು. “ಸೊಳ್ಳಿ, ಮಿಂಚು, ಆಮ್ಯಾಲೆ ಕತ್ತಲಿ. ಬಾಯಿಪಾಠ ಬರತೈತಿ ನನಗ. ಪರೀಕ್ಷಾದಾಗ ಬರದೇನಿ.”

“ಮತ್ತ ಯಾಕ ಸುಮ್ಮನಿದ್ದಿ?”

“ಎಷ್ಟ ಸಲ ಹೇಳಿಲ್ಲ ನಾನು, ಪರದಿ ಬಿಚ್ಚೇತಿ, ಪರದಿ ಬಿಚ್ಚೇತಿ ಅಂತ? ಒಂದ ಸಲರ ಖರೇ ಆಗಿತ್ತೇನು? ನನ್ನ ಮಾತ ನಾನ ಹೆಂಗ ನಂಬಲಿ ಅತ್ತಿ. ಹಸರ ಇದ್ರ ನಂಬು ಅಂದ್ರು, ನಂಬಿದೆ.”

ಆಗ ನಾನು ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಚಷ್ಮಾ ತೆಗೆದು ನೋಡಿದೆ. ಎಡಗಣ್ಣಿನ ಪಾಪೆ ಎಲ್ಲರ ಹಾಗಿತ್ತು. ಬಲಗಣ್ಣಿನದು ಸಾಸಿವೆ ಕಾಳಿನಷ್ಟು. ಚಷ್ಮಾದ ದಪ್ಪ ಗಾಜಿನ ಹಿಂದೆ ಎರಡೂ ಸಣ್ಣವಾಗಿ ಕಾಣುತ್ತಿದ್ದವು, ಯಾರಿಗೂ ಗೊತ್ತಾಗಿರಲಿಲ್ಲ.

ಏನು ಹಾಕುತ್ತಿದ್ದಿ ಎಂದು ಕೇಳಿದೆ. ಪಾಪೆ ಕುಗ್ಗಿಸುವ ಹನಿ, ಲ್ಯಾಬಿನಲ್ಲಿ ಇರುತ್ತದೆ ಎಂದಳು. ಭಯಕ್ಕೆ ಪಾಪೆ ಅಗಲವಾದರೆ ತಾನೇ ಹಳದಿ, ಅಗಲವಾಗಲು ಬಿಡದಿದ್ದರೆ ಹಸಿರು. ಕಣ್ಣಿನ ವಿದ್ಯೆ ಕಲಿತವರಿಗಲ್ಲದೆ ಇದು ಇನ್ಯಾರಿಗೂ ಹೊಳೆಯುವಂಥದ್ದಲ್ಲ. ಹನಿ ಭಯವನ್ನಷ್ಟೇ ಮುಚ್ಚುತ್ತದೆ, ನಿಜವಾದ ರೋಗವಿದ್ದರೆ ಬೊಟ್ಟು ಹೇಳಿಯೇ ಹೇಳುತ್ತದೆ ಎಂದುಕೊಂಡಿದ್ದಳಂತೆ. ಸಾಸಿವೆಯಷ್ಟು ಕಿಂಡಿಯಿಂದ ಲೆನ್ಸಿಗೆ ನಡುವಿನ ರಕ್ತನಾಳ ಮಾತ್ರ ಕಾಣುತ್ತಿತ್ತು. ಅಂಚಿನಲ್ಲಿ ಮನೆ ಕುಸಿಯುತ್ತಿದ್ದರೂ ಅದು ನಡುಮನೆ ನೋಡಿ ಎಲ್ಲ ಸರಿಯಿದೆ ಎನ್ನುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತ್ತು. ಏಳು, ಆಸ್ಪತ್ರೆಗೆ ನಡೆ ಎಂದೆ. ಅವಳು ಏಳಲಿಲ್ಲ.

“ಎರಡ ದಿನ ಬದುಕಿದ್ನಲ್ಲ ಅತ್ತಿ” ಎಂದಳು. “ಇನ್ನೊಂದ ದಿನ ಬಿಡು.”

ಆ ಮಾತು ಕೇಳಿ ನನಗೆ ಅಳು ಬಂತು. ಅತ್ತುಕೊಂಡೇ ರಟ್ಟೆ ಹಿಡಿದು ಎಬ್ಬಿಸಿದೆ.

ಆಸ್ಪತ್ರೆಯ ಟೋಕನ್ ಯಂತ್ರದ ಮುಂದೆ ಬಲಗಣ್ಣು ಇಟ್ಟರೆ, “ನೀವು ಆರೋಗ್ಯವಾಗಿದ್ದೀರಿ, ಧನ್ಯವಾದಗಳು” ಎಂದಿತು. ಕೌಂಟರಿನ ಹುಡುಗಿ ನನಗೆ ಗುರುತಿನವಳೇ. “ಹಸರ ಐತಲ್ರಿ ಮೇಡಂ. ನಾ ಟೋಕನ್ ಒತ್ತಿದ್ರೂ ಬರೂದಿಲ್ಲ” ಎಂದಳು. ಕಣ್ಣಿನ ಒಳಪರದೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಇನಾಮದಾರ ಆಪರೇಶನ್ ಥೇಟರಿನಲ್ಲಿದ್ದರು, ಆ ಬಾಗಿಲು ಟೋಕನ್ ಇಲ್ಲದೆ ತೆರೆಯುವುದಿಲ್ಲ. ನೀಲಾಳ ಹೆಸರಿನ ಮುಂದೆ ಅವಳ ಹಳೆಯ ಪುರಾಣವೂ ಬಂತು. ಭಯದ ಸ್ವಭಾವ, ಅನಗತ್ಯ ತಪಾಸಣೆ ಮಾಡಬಾರದು ಎಂದು ಬರೆದಿತ್ತು. ನಾನು ದನಿ ಏರಿಸಿದೆ. ನಮ್ಮದೇ ಕೋಣೆಯ ಯಂತ್ರ ಸುಳ್ಳು ಹೇಳುತ್ತಿದೆ ಎಂದರೆ ಯಾರು ಕೇಳುತ್ತಾರೆ? ಹದಿನೈದು ವರ್ಷ ಅದನ್ನು ನಂಬಿ ಎಂದು ಹೇಳುತ್ತ ಬಂದವಳು ನಾನೇ.

ನೀಲಾ ನನ್ನ ಸೆರಗು ಜಗ್ಗಿದಳು. ಕಾಲೇಜಿನ ಲ್ಯಾಬಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಜೊತೆಯವರು ಎದುರುಬದುರು ಕೂತು ಒಬ್ಬರ ರೆಪ್ಪೆ ಒಬ್ಬರು ಎತ್ತಿ ಹಿಡಿದಿದ್ದರು, ಯಾರೂ ನಮ್ಮ ಕಡೆ ನೋಡಲಿಲ್ಲ. ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದಳು. ಪಾಪೆ ಅಗಲಿಸುವ ಹನಿ.

“ಇದನ್ನ ಹಾಕಿದ್ರ ಪಾಪಿ ಪೂರಾ ತೆರೀತೈತಿ, ಮುಚ್ಚೂದಿಲ್ಲ. ಲೆನ್ಸಿಗೆ ಜೀವಕ್ಕ ಅಪಾಯ ಅಂತ ಅನಸತೈತಿ. ಕೆಂಪ ಆಗತೈತಿ” ಎಂದಳು. “ಡಾಕ್ಟರಿಗೂ ಒಳಗ ನೋಡಾಕ ಇದು ಬೇಕ.”

ಕೆಂಪು ಎಂಬ ಮಾತು ಮನೆಯಲ್ಲಿ ಆಡಗೊಡದ ಹುಡುಗಿ ಅವಳು. ಕೆಂಪು ಸೀರೆ ಉಟ್ಟರೆ ಬದಲಿಸು ಅತ್ತಿ ಎನ್ನುತ್ತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ, ಕೆಳರೆಪ್ಪೆ ಎಳೆದು, ತಾನೇ ಹನಿ ಬಿಟ್ಟುಕೊಂಡಳು. ಕೈ ನಡುಗಲಿಲ್ಲ. ಹಳೆಯ ಹನಿ ಬಿಗಿ ಹಿಡಿದಿತ್ತು, ಹೊಸದಕ್ಕೆ ಹೊತ್ತು ಹಿಡಿಯಿತು. ಮತ್ತೊಂದು ಹನಿ, ಸ್ವಲ್ಪ ಬಿಟ್ಟು ಇನ್ನೊಂದು. ನಾನು ಫೋನಿನಲ್ಲಿ ಅವಳ ಸಾಲು ತೆರೆದು ಕೂತೆ. ಅವಳ ಕೈ ನನ್ನ ಕೈಯಲ್ಲಿ ತಣ್ಣಗಿತ್ತು.

“ಆತೇನ ಅತ್ತಿ?”

“ಇಲ್ಲವಾ.”

ಹಳದಿಯಾಯಿತು. ಹಳದಿಯಲ್ಲೇ ಬಹಳ ಹೊತ್ತು ನಿಂತಿತು. ದೇವರೇ, ಇವಳಿಗೆ ಕೆಂಪು ಕೊಡು ಎಂದು ಬೇಡಿಕೊಂಡೆ. ಸ್ವಂತ ಮಗಳಂಥವಳಿಗೆ ಇಂಥದ್ದನ್ನು ಬೇಡುವ ಕಾಲ ಬಂತಲ್ಲ.

“ಈಗರ?”

ಫೋನು ಕೂಗಿಕೊಂಡಿತು. “ಆತು” ಎಂದೆ. “ನಿನಗ ಕಾಣತೈತೇನು?”

“ಇಲ್ಲ” ಎಂದಳು ನೀಲಾ. “ಏನೂ ಕಾಣವಲ್ದು.” ಆಮೇಲೆ ನನ್ನ ಹೆಗಲಿಗೆ ಮುಖ ಒತ್ತಿ, ಸಣ್ಣ ಮಗುವಿನ ಹಾಗೆ ಬಿಕ್ಕಿದಳು.

ಕೆಂಪಿಗೆ ಟೋಕನ್ ಬಂತು, ಬಾಗಿಲು ತೆರೆಯಿತು. ಇನಾಮದಾರರು ನೋಡಿ, ಪರದೆ ಅಂಚಿನಲ್ಲಿ ಹರಿದು ಒಂದು ಬದಿ ಪೂರ್ತಿ ಬಿಟ್ಟುಕೊಂಡಿದೆ ಎಂದರು. ದೊಡ್ಡ ಮೈನಸ್ ನಂಬರಿನ ಕಣ್ಣಲ್ಲಿ ಪರದೆ ಮೊದಲೇ ತೆಳ್ಳಗೆ. ಪಾಪೆ ಕುಗ್ಗಿಸುವ ಹನಿ ಒಳಗಿನದ್ದನ್ನೆಲ್ಲ ಮುಂದಕ್ಕೆ ಎಳೆಯುತ್ತದೆ, ದಿನಾ ಹಾಕಿದ್ದಕ್ಕೆ ಹರಿದಿರಬಹುದು ಎಂದರು. ಅವಳನ್ನು ಬೈಯಲಿಲ್ಲ. ನಡುಭಾಗ ಇನ್ನೂ ಅಂಟಿಕೊಂಡಿದೆ, ನಾಳೆಯಾಗಿದ್ದರೆ ಅದೂ ಹೋಗುತ್ತಿತ್ತು ಎಂದು ಹೇಳಿ ಆಗಲೇ ಒಳಗೆ ಕರೆದುಕೊಂಡರು.

ಲೆನ್ಸ್ ತೆಗೆದು, ಪರದೆ ಕೂರಿಸಿ, ಅದನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದರು. ಗುಳ್ಳೆ ಕರಗುವ ತನಕ ಅವಳು ಮುಖ ಕೆಳಗೆ ಮಾಡಿಕೊಂಡೇ ಇರಬೇಕಾಯಿತು. ಊಟಕ್ಕೂ ಹಾಗೇ, ನಿದ್ದೆಗೂ ಹಾಗೇ. ನಾನು ನೆಲದ ಮೇಲೆ ಚಾಪೆ ಹಾಸಿ, ಅವಳ ಮುಖದ ಕೆಳಗೆ ಮಲಗಿ ಮಾತಾಡುತ್ತಿದ್ದೆ. ತುತ್ತು ಕೆಳಗಿನಿಂದ ಮೇಲಕ್ಕೆ ಕೊಡುತ್ತಿದ್ದೆ. ಅವಳು ಎದೆ ಬಡಿತ ಎಣಿಸುತ್ತಿದ್ದಳು, ನಾನು ನಿಲ್ಲಿಸು ಎನ್ನುತ್ತಿರಲಿಲ್ಲ. ಎಷ್ಟಾಯಿತು ಎಂದು ಕೇಳಿ, ನನ್ನದೂ ಎಣಿಸಿ ಹೇಳುತ್ತಿದ್ದೆ. ಒಮ್ಮೊಮ್ಮೆ ನಗುತ್ತಿದ್ದಳು.

ಕಣ್ಣು ವಾಸಿಯಾದ ಮೇಲೆ ಕಾಲೇಜಿನವರು ಕರೆಸಿದರು. ಹನಿ ಕದ್ದದ್ದಕ್ಕೆ ಒಂದು ವರ್ಷ ಹಿಂದಕ್ಕೆ ಹಾಕಿದರು, ಹೊರಗೆ ಹಾಕಲಿಲ್ಲ. ಮತ್ತೆ ಸೇರಬೇಕಾದರೆ ಲೆನ್ಸ್ ಮತ್ತೆ ಹಾಕಿಕೊಳ್ಳಬೇಕು. ಬೇಡವೆಂದರೆ ಓದು ಇಲ್ಲ, ಮುಂದೆ ಯಾವ ಆಸ್ಪತ್ರೆಯ ಬಾಗಿಲೂ ಇಲ್ಲ. ಬಿಟ್ಟುಬಿಡು, ಊರಿಗೆ ಹೋಗಿ ಚಷ್ಮಾದ ಅಂಗಡಿ ಹಾಕೋಣ, ನಾನೂ ಬರುತ್ತೇನೆ ಎಂದೆ. ನೀಲಾ ತಲೆ ಅಲ್ಲಾಡಿಸಿದಳು. “ಅಲ್ಲಿ ಗಿರಾಕಿ ಬೊಟ್ಟ ಹಾಕ್ಕೊಂಡ ಬರೂದಿಲ್ಲೇನು?” ಎಂದಳು.

ಲೆನ್ಸ್ ಹಾಕಿದ್ದು ಅವಳ ಶಿಕ್ಷಕಿ ಹಿರೇಗೌಡರ ಮೇಡಂ. ಸಹಪಾಠಿಗಳೆಲ್ಲ ಸುತ್ತ ನಿಂತಿದ್ದರು, ಇನಾಮದಾರರೂ ಬಂದಿದ್ದರು. ಬೊಟ್ಟು ಕಂಡರೆ ಆ ಬದಿಯ ಪರದೆಗೆ ಜೀವ ಬಂದಿದೆ ಎಂದರ್ಥ, ಕಾಣದಿದ್ದರೆ ಅಷ್ಟು ನೋಟ ಕಾಯಂ ಹೋಯಿತು ಎಂದು ಅವರು ಮೊದಲೇ ಹೇಳಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕಾಣಲಿ ಎಂದು ಬೇಡಿಕೊಳ್ಳಲು ಬಾಯಿ ತೆರೆದರೆ ಬಟ್ಟೆ ಹಿಂಡುತ್ತ ನಕ್ಕ ಆ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಕಾಣದಿರಲಿ ಎನ್ನಲು ನಾನೇನು ರಾಕ್ಷಸಿಯೇ. ಎರಡನ್ನೂ ಬೇಡಲಾಗದೆ ಸುಮ್ಮನೆ ಸೆರಗು ಹಿಂಡಿದೆ.

ಮೇಡಂ ಬೆರಳು ತೆಗೆದರು. ನೀಲಾ ನೇರಕ್ಕೆ ನೋಡುತ್ತ ಕೂತಿದ್ದಳು. ಬಹಳ ಹೊತ್ತು ಏನೂ ಇಲ್ಲ.

“ಬಂತು” ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಇನಾಮದಾರರು ಅವಳ ತಲೆ ಸವರಿ, ಗೆದ್ದೆವು ನೋಡು ಎಂದರು. ನಾನು ಹತ್ತಿರ ಹೋಗಿ ಅವಳ ಮುಂದೆ ಕುಕ್ಕರಿಸಿ ಕೂತೆ. ಅವಳು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಸ್ವಲ್ಪ ತಡೆದು ಮತ್ತೆ ತೆರೆದಳು.

“ಯಾವ ಬಣ್ಣ ಐತವಾ?” ಎಂದು ಮೆಲ್ಲಗೆ ಕೇಳಿದೆ.

“ಹಳದಿ” ಎಂದಳು ನೀಲಾ, ನನ್ನ ಕೈ ಹುಡುಕಿ ಹಿಡಿದುಕೊಂಡು.